ಡ್ರಾ ಸಾಕು ಅನ್ನುವ ಸಂಕಟ: ಮಡಿಕೇರಿಯಲ್ಲೊಂದು ಚೆಸ್ ಟೂರ್ನಿ

ಗುರುವಾರ

ಕೊಡಗಿಗೆ ರೈಲಿಲ್ಲ. ಮಡಿಕೇರಿಯಲ್ಲಿ ಚೆಸ್ ಟೂರ್ನಿ ಅಂದರೆ ಮೈಸೂರಿನವರೆಲ್ಲ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ಹೋಗುವ ಬಸ್ಸನ್ನೇ ನಂಬಬೇಕು. ಸುಮಾರು 120 ಕಿಲೋಮೀಟರ್. ಮಾರ್ಚ್ ತಿಂಗಳ ಮಧ್ಯಾಹ್ನ. ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಸೆಕೆ. ಜೊತೆಗೆ ಅಕ್ಕನ ಮಗ. ಹನ್ನೆರಡು ವರ್ಷದ ಹುಡುಗ, ಶುಕ್ರವಾರ ಶಾಲೆಗೆ ಚಕ್ಕರ್ ಹೊಡೆಯಲು ಸಿಕ್ಕಿತಲ್ಲ ಅಂತ ಖುಷಿ ಅವನಿಗೆ. ನಾನು ಅವನನ್ನು ಕರೆದುಕೊಂಡು ಹೋಗುತ್ತಿದ್ದೇನೆ ಅಂತ ಅಕ್ಕ ಅಂದುಕೊಂಡಿದ್ದಾಳೆ. ನಿಜಕ್ಕೂ ಹೆಸರು ನೋಂದಾಯಿಸಿದ್ದು, ಲಾಡ್ಜ್ ಹುಡುಕಿದ್ದು, ಬೋರ್ಡ್ ಚೀಲಕ್ಕೆ ಹಾಕಿದ್ದು ಎಲ್ಲ ಅವನೇ.

ಬಸ್ಸಿನ ಹಿಂದಿನ ಸೀಟುಗಳಲ್ಲಿ ಇನ್ನೂ ನಾಲ್ಕಾರು ಮಂದಿ ಚೆಸ್ಸಿನವರೇ ಇದ್ದರು. ಮಾತು ರೇಟಿಂಗ್ ಕಡೆಗೇ, ಅಂದರೆ ಆಟಗಾರರ ಬಲ ಅಳೆಯುವ ಅಂಕದ ಕಡೆಗೇ ತಿರುಗಿತು, ಯಾವಾಗಲೂ ಅದೇ ಆಗುವುದು. 2024ರ ಮಾರ್ಚ್‌ನಲ್ಲಿ ವಿಶ್ವ ಚೆಸ್ ಸಂಸ್ಥೆ ಫಿಡೆ, ರೇಟಿಂಗಿನ ಕನಿಷ್ಠ ಮಟ್ಟವನ್ನು 1400ಕ್ಕೆ ಏರಿಸಿತಲ್ಲ, ಆಗ 2000ಕ್ಕಿಂತ ಕೆಳಗಿದ್ದವರಿಗೆಲ್ಲ ಒಂದೇ ಏಟಿಗೆ ಪಾಯಿಂಟ್ ಸೇರಿಸಿಕೊಟ್ಟರು. 2000ಕ್ಕೆ ಎಷ್ಟು ಕಡಿಮೆ ಇದೆಯೋ ಅದರ ಶೇಕಡಾ 40. ನಾನು 1280 ಇದ್ದವನು ಒಂದು ಬೆಳಿಗ್ಗೆ ಎದ್ದು ನೋಡಿದರೆ 1568. ಒಂದು ಕಾಲಾಳನ್ನೂ ಮುಟ್ಟದೆ 288 ಪಾಯಿಂಟ್! ಜೀವನದಲ್ಲಿ ನನಗೆ ಸಿಕ್ಕ ದೊಡ್ಡ ಬಡ್ತಿ ಅದೇ ಇರಬೇಕು. ಮಕ್ಕಳ ಕಥೆ ಬೇರೆ. ಅವರು ಮನೆಯಲ್ಲಿ ಕೂತು ಆನ್‌ಲೈನಲ್ಲಿ ಆಡಿ ಆಡಿ 1800ರ ಆಟ ಆಡುತ್ತಾರೆ, ಪಟ್ಟಿಯಲ್ಲಿ ಮಾತ್ರ 1450 ಅಂತ ಇರುತ್ತದೆ. ನಮ್ಮಂಥ ನಲವತ್ತು ದಾಟಿದವರಿಗೆ ಟೂರ್ನಿಯಲ್ಲಿ ನಿಜವಾದ ಹೆದರಿಕೆ ಅಂದರೆ ಎದುರಿನ ಕುರ್ಚಿಯಲ್ಲಿ ಕಾಲು ನೆಲಕ್ಕೆ ಎಟುಕದ ಹುಡುಗ ಬಂದು ಕೂರುವುದು.

ಪಿರಿಯಾಪಟ್ಟಣಕ್ಕೆ ಇನ್ನೂ ಸ್ವಲ್ಪ ದೂರ ಇದ್ದಾಗ ಟೈರ್ ಪಂಕ್ಚರ್. ಒಂದು ಗಂಟೆ ರಸ್ತೆ ಬದಿ ಹುಣಸೆ ಮರದ ಕೆಳಗೆ ನಿಂತೆವು. ಎಲ್ಲರೂ ಗೊಣಗುತ್ತಿದ್ದಾಗ ಒಬ್ಬರು 2010ರ ಆನಂದ್ ಕಥೆ ತೆಗೆದರು. ಸೋಫಿಯಾದಲ್ಲಿ ಟೊಪಲೋವ್ ಜೊತೆ ವಿಶ್ವ ಚಾಂಪಿಯನ್‌ಶಿಪ್ ಪಂದ್ಯ ಇತ್ತು. ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ಯೂರೋಪಿನಲ್ಲಿ ವಿಮಾನಗಳೇ ನಿಂತುಹೋದವು. ಆನಂದ್ ಜರ್ಮನಿಯಿಂದ ಬಲ್ಗೇರಿಯಾದವರೆಗೆ ರಸ್ತೆಯಲ್ಲೇ ಹೋದರು, ಸುಮಾರು 40 ಗಂಟೆ. ಪಂದ್ಯ ಮೂರು ದಿನ ಮುಂದೆ ಹಾಕಿ ಅಂದರೆ ಒಂದೇ ದಿನ ಕೊಟ್ಟರು. ಮೊದಲ ಆಟ ಸೋತರು, ಕೊನೆಯ ಆಟವನ್ನು ಕಪ್ಪು ಕಾಯಿಯಲ್ಲಿ ಗೆದ್ದು ಪಟ್ಟ ಉಳಿಸಿಕೊಂಡರು. ಇದನ್ನು ಕೇಳಿದ ಮೇಲೆ ಪಂಕ್ಚರ್ ಬಗ್ಗೆ ಯಾರೂ ಮಾತಾಡಲಿಲ್ಲ.

ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಕೊಡಗು. ಹೊಳೆಯಲ್ಲಿ ನೀರು ಕಡಿಮೆ, ಬಂಡೆಗಳೇ ಜಾಸ್ತಿ. ಆನೆಕಾಡಿನ ಹತ್ತಿರ ಕತ್ತಲಾಯಿತು, ಡ್ರೈವರ್ ಲೈಟ್ ಹಾಕಿ ನಿಧಾನ ಮಾಡಿದ. ಹುಡುಗ ಕಿಟಕಿಗೆ ಮೂಗು ಒತ್ತಿ ಕಾದ, ಆನೆ ಕಾಣಲಿಲ್ಲ. ಸುಂಟಿಕೊಪ್ಪ ದಾಟಿ ಘಾಟಿ ಹತ್ತಿ ಮಡಿಕೇರಿಯಲ್ಲಿ ಇಳಿದಾಗ ಚಳಿ. ಹಗಲು ಬೆವರಿ ಬಂದವರು ಸ್ವೆಟರ್ ಹುಡುಕುವ ಹಾಗಾಯಿತು.

ಶುಕ್ರವಾರ

ಆಟದ ಜಾಗ ಒಂದು ಕಲ್ಯಾಣ ಮಂಟಪ. ಮದುವೆಯ ಊಟದ ಟೇಬಲ್‌ಗಳ ಮೇಲೆ ಸುತ್ತಿ ತಂದ ಪ್ಲಾಸ್ಟಿಕ್ ಬೋರ್ಡ್ ಹಾಸಿದ್ದರು. ಅದರ ಅಂಚು ಮೇಲೆದ್ದು ಕಾಯಿ ವಾಲುತ್ತಿತ್ತು, ಎಲ್ಲರೂ ಅಂಗೈಯಲ್ಲಿ ಒತ್ತಿ ಒತ್ತಿ ಸರಿ ಮಾಡುತ್ತಿದ್ದರು. ಹೊರಗೆ ಅಮ್ಮಂದಿರ ಸಾಲು. ಫ್ಲಾಸ್ಕು, ಬಿಸ್ಕತ್ತು, ಮಕ್ಕಳ ಮೊಬೈಲು ಎಲ್ಲ ಅವರ ಮಡಿಲಲ್ಲಿ.

ಆರ್ಬಿಟರ್, ಅಂದರೆ ತೀರ್ಪುಗಾರರು, ನಿಯಮ ಹೇಳಿದರು. ಒಬ್ಬೊಬ್ಬರಿಗೆ 60 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಸೇರುತ್ತದೆ. ಮುಟ್ಟಿದ ಕಾಯಿ ಆಡಲೇಬೇಕು. ತಪ್ಪು ನಡೆ ಆಡಿದರೆ ಎದುರಾಳಿಗೆ ಎರಡು ನಿಮಿಷ ಜಾಸ್ತಿ, ಇನ್ನೊಮ್ಮೆ ಆಡಿದರೆ ಸೋಲು. ಮೊಬೈಲ್ ಒಳಗೆ ಬಂದರೆ ಆಟ ಹೋಯಿತು ಅಂತಲೇ ಲೆಕ್ಕ. "ಹೊರಗಿನವರ ಜೊತೆ ಮಾತು, ಸನ್ನೆ, ಯಾವುದೂ ಇಲ್ಲ" ಅಂತ ಮೂರು ಸಲ ಹೇಳಿದರು. ಈ ಸನ್ನೆ ವಿಷಯ ನೆನಪಿಟ್ಟುಕೊಳ್ಳಿ, ಭಾನುವಾರ ಬರುತ್ತೆ.

ಆಟಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬೆಳಿಗ್ಗೆಯದು ಗೆದ್ದೆ. ಮಧ್ಯಾಹ್ನ ಪುತ್ತೂರಿನ ಕಡೆಯ ಹುಡುಗಿಯೊಬ್ಬಳು, ಒಂಬತ್ತನೇ ಕ್ಲಾಸಂತೆ, ನನ್ನ ರಾಜನನ್ನು ಬೋರ್ಡಿನ ನಡುವೆ ಎಳೆದು ತಂದು ಕಟ್ಟಿಹಾಕಿದಳು. ಕೈ ಕುಲುಕಿ "ಥ್ಯಾಂಕ್ಯೂ ಅಂಕಲ್" ಅಂದಳು.

ಸಂಜೆ ಕೋಟೆಗೆ ಹೋದೆವು. ಒಳಗೆ ಗಾರೆಯಲ್ಲಿ ಮಾಡಿದ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ದೊಡ್ಡವು. ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದ್ದು ಟಿಪ್ಪು, ಒಳಗಿನ ಅರಮನೆ ಲಿಂಗರಾಜೇಂದ್ರನ ಕಾಲದ್ದು. 1834ರಲ್ಲಿ ಬ್ರಿಟಿಷರು ಬಂದು ಕೂತ ಮೇಲೆ ಚರ್ಚೂ ಬಂತು, ಈಗ ಅದು ಮ್ಯೂಸಿಯಂ. ಹುಡುಗನಿಗೆ ಇದ್ಯಾವುದೂ ಬೇಕಿರಲಿಲ್ಲ. ಆನೆಯ ಕಾಲ ಬಳಿ ಕೂತು ತನ್ನ ಸೋತ ಆಟದ ಚೀಟಿ ತೆಗೆದು "ಮಾಮ, ಇಲ್ಲಿ ಕುದುರೆ ಹಾಕಿದ್ರೆ ಏನಾಗ್ತಿತ್ತು?" ಅಂತ ಶುರು ಮಾಡಿದ.

ಶನಿವಾರ

ಒಂದು ಗೆಲುವು, ಒಂದು ಡ್ರಾ.

ಡ್ರಾ ಆದ ಆಟ ಬೇಗ ಮುಗಿಯಿತು. ಹಾಗಾಗಿ ಬೇರೆಯವರ ಆಟ ನೋಡುತ್ತಾ ತಿರುಗಿದೆ. ಆಗ ಕಣ್ಣಿಗೆ ಬಿದ್ದವರು ಸುಂಟಿಕೊಪ್ಪದ ಕಡೆಯ ಒಬ್ಬ ಕಾಫಿ ಬೆಳೆಗಾರರು. ಅರವತ್ತೈದು ದಾಟಿರಬಹುದು. ಖಾಕಿ ಬಣ್ಣದ ಹಳೇ ಟೋಪಿ, ಅರ್ಧ ತೋಳಿನ ಸ್ವೆಟರ್. ಪ್ರತಿ ದಿನ ಬೆಳಿಗ್ಗೆ ಜೀಪಿನಲ್ಲಿ ಬಂದು ಆಡಿ ಸಂಜೆ ತೋಟಕ್ಕೆ ವಾಪಸ್. ನಡೆ ಆಡಿ ಗಡಿಯಾರ ಒತ್ತಿದ ಮೇಲೆ ಎದ್ದು ಹೋಗಿ ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಏನೋ ಯೋಚನೆ ಮಾಡುತ್ತಾರೆ ಅಂದುಕೊಂಡೆ. ಪಕ್ಕದವರು ನಕ್ಕರು. "ಮಳೆ ನೋಡೋದು ಮಾರಾಯ್ರೆ. ಹೂಮಳೆ ಬರಬೇಕಲ್ಲ."

ಗೊತ್ತಿಲ್ಲದವರಿಗೆ ಒಂದೆರಡು ಮಾತು. ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ಇದು. ಫೆಬ್ರವರಿ, ಮಾರ್ಚ್‌ನಲ್ಲಿ ಗಿಡದಲ್ಲಿ ಮೊಗ್ಗು ಕಟ್ಟಿ ಕಾಯುತ್ತಿರುತ್ತದೆ. ಒಂದು ಒಳ್ಳೆ ಮಳೆ, ಅಂದರೆ ಒಂದು ಇಂಚಿನಷ್ಟು ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟ ಪೂರ್ತಿ ಬೆಳ್ಳಗೆ ಅರಳುತ್ತದೆ. ಮಲ್ಲಿಗೆಯ ಥರ ಘಮ. ಮಳೆ ಅರೆಬರೆ ಬಂದರೆ ಮೊಗ್ಗು ಅರೆಬರೆ ಅರಳಿ ಫಸಲು ಕೆಡುತ್ತದೆ. ನೀರಿದ್ದವರು ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕುತ್ತಾರೆ, ಆದರೆ ಡೀಸೆಲ್ ಖರ್ಚು, ಕೆರೆ ಖಾಲಿ. ಹಾಗಾಗಿ ಈ ತಿಂಗಳಲ್ಲಿ ಬೆಳೆಗಾರರ ಮನಸ್ಸು ಎಲ್ಲಿದ್ದರೂ ಆಕಾಶದಲ್ಲೇ. ಮಳೆಯನ್ನು ಇವರು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಹೇಳುತ್ತಾರೆ. ನೂರು ಸೆಂಟ್ಸ್ ಅಂದರೆ ಒಂದು ಇಂಚು.

ಸಂಜೆ ರಾಜಾಸೀಟ್. ಶನಿವಾರ ಅಂದ ಮೇಲೆ ಕೇಳಬೇಕಾ, ಕಾಲಿಡಲು ಜಾಗ ಇಲ್ಲ. ಒಂದು ಮೂಲೆಯಲ್ಲಿ ಕಟ್ಟೆ ಸಿಕ್ಕಿತು. ಅಲ್ಲಿ ಹುಡುಗ ಲೆಕ್ಕ ಶುರು ಮಾಡಿದ. ನನ್ನ ಹತ್ತಿರ ಎರಡೂವರೆ ಪಾಯಿಂಟ್. ನಾಳೆ ಬೆಳಿಗ್ಗೆ ಗೆದ್ದರೆ ಮೂರೂವರೆ. ಕೊನೆಯ ಆಟ ಡ್ರಾ ಆದರೂ ಸಾಕು, 1600ರ ಒಳಗಿನವರ ವಿಭಾಗದಲ್ಲಿ ಮೂರನೇ ಬಹುಮಾನ ಗ್ಯಾರಂಟಿ, ಪಾಯಿಂಟ್ ಸಮ ಆದರೆ ನೋಡುವ ಟೈಬ್ರೇಕಲ್ಲೂ ನಾನೇ ಮುಂದೆ ಅಂತ ಬೆರಳೆಣಿಸಿ ಹೇಳಿದ.

"ಆ ಮಾತು ಮಾತ್ರ ಆಡಬೇಡ ಕಣೋ" ಅಂದೆ.

"ಯಾವ ಮಾತು?"

"ಡ್ರಾ ಸಾಕು ಅನ್ನೋದು."

ಚೆಸ್ಸಿನಲ್ಲಿ ಗೆಲ್ಲಲೇಬೇಕು ಅಂತ ಕೂತವನಿಗಿಂತ ಡ್ರಾ ಸಾಕು ಅಂತ ಕೂತವನಿಗೇ ಒತ್ತಡ ಜಾಸ್ತಿ ಅಂತ ನನ್ನ ಅನಿಸಿಕೆ. ಗೆಲ್ಲಬೇಕಾದವನಿಗೆ ಕೆಲಸ ಏನು ಅಂತ ಗೊತ್ತು. ಡ್ರಾ ಸಾಕಾದವನಿಗೆ ಪ್ರತಿ ನಡೆಯಲ್ಲೂ ಎರಡು ಮನಸ್ಸು. 1987ರಲ್ಲಿ ಸೆವಿಲ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಕಾರ್ಪೋವ್ 12-11 ಮುಂದಿದ್ದರು. ಕೊನೆಯ 24ನೇ ಆಟ ಡ್ರಾ ಮಾಡಿದ್ದರೆ ಪಟ್ಟ ಅವರದ್ದೇ. ಕಾಸ್ಪರೋವ್ ಎಗರಾಡಲೇ ಇಲ್ಲ. ಬಿಳಿ ಕಾಯಿಯಲ್ಲಿ ನಿಧಾನವಾಗಿ ಶುರು ಮಾಡಿ ಹಿಂಡುತ್ತಾ ಹೋದರು, 64 ನಡೆಗೆ ಗೆದ್ದರು. 12-12 ಆಯಿತು. ಸಮ ಆದರೆ ಪಟ್ಟ ಹಾಲಿ ಚಾಂಪಿಯನ್‌ಗೇ, ಹಾಗಾಗಿ ಕಾಸ್ಪರೋವ್ ಹತ್ತಿರವೇ ಉಳಿಯಿತು. 2004ರಲ್ಲಿ ಸ್ವಿಟ್ಜರ್ಲೆಂಡಿನ ಬ್ರಿಸಾಗೊದಲ್ಲಿ ಪೀಟರ್ ಲೇಕೊಗೂ ಅದೇ ಗತಿ. 7-6 ಮುಂದೆ, ಕೊನೆಯದು ಡ್ರಾ ಸಾಕು. ಹಾಲಿ ಚಾಂಪಿಯನ್ ಕ್ರಾಮ್ನಿಕ್ ಅದನ್ನು ಗೆದ್ದರು. ಲೇಕೊ ವಿಶ್ವ ಚಾಂಪಿಯನ್ ಆಗಲೇ ಇಲ್ಲ.

ಇನ್ನು 2024ರ ಡಿಸೆಂಬರ್ 12, ಸಿಂಗಪುರ. ಇದನ್ನು ಹುಡುಗನೇ ಲೈವ್ ನೋಡಿದ್ದ, ನನಗಿಂತ ಚೆನ್ನಾಗಿ ಹೇಳಿದ. ಗುಕೇಶ್, ಡಿಂಗ್ ಲಿರೆನ್ ಇಬ್ಬರೂ 6.5. ಹದಿನಾಲ್ಕನೇ ಆಟ. ಬಿಳಿ ಕಾಯಿ ಡಿಂಗ್‌ಗೆ, ಆದರೂ ಅವರು ಕಾಯಿ ಕಡಿಮೆ ಮಾಡಿಕೊಳ್ಳುತ್ತಾ ಮಾರನೇ ದಿನದ ಟೈಬ್ರೇಕ್ ಆಟಗಳ ಕಡೆಗೆ ಹೋಗುತ್ತಿದ್ದ ಹಾಗಿತ್ತು. ಒಂದು ಕಾಲಾಳು ಕಡಿಮೆ, ಆದರೂ ಡ್ರಾ ಆಗುವ ಆಟವೇ. 55ನೇ ನಡೆಯಲ್ಲಿ ಆನೆಯನ್ನು (ರೂಕ್) ಎಫ್2 ಮನೆಗೆ (ಬೋರ್ಡಿನ ಮನೆಗಳಿಗೆ ಬಿಳಿಯವರ ಎಡದಿಂದ ಎ ಇಂದ ಎಚ್, ಅವರ ಕಡೆಯಿಂದ 1ರಿಂದ 8 ಅಂತ ಹೆಸರು) ಇಟ್ಟು ಆನೆ ಬದಲಾಯಿಸಿಕೊಳ್ಳಲು ಹೋದರು. ಅವರ ಒಂಟೆ ಎ8 ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಗುಕೇಶ್ ಅದನ್ನೂ ಬದಲಾಯಿಸಿಬಿಟ್ಟರೆ ಉಳಿಯುವುದು ರಾಜ, ಕಾಲಾಳು ಮಾತ್ರ, ಅದು ನೇರ ಗೆಲುವು. 58ಕ್ಕೆ ಮುಗಿಯಿತು. ಹದಿನೆಂಟು ವರ್ಷಕ್ಕೆ ವಿಶ್ವ ಚಾಂಪಿಯನ್.

"ಆದ್ರೆ ಮಾಮ, 1985ರಲ್ಲಿ ಕಾಸ್ಪರೋವ್‌ಗೆ ಕೊನೇದು ಡ್ರಾ ಸಾಕಿತ್ತು. ಅವರು ಕಪ್ಪಲ್ಲಿ ಗೆದ್ರಲ್ಲ?"

ಇವನಿಗೆ ಇದೆಲ್ಲ ಯಾರು ಹೇಳಿಕೊಡುತ್ತಾರೋ! ಹೌದು, ಅದೂ ನಿಜ. 12-11 ಮುಂದಿದ್ದವರು 13-11 ಮಾಡಿ ಮುಗಿಸಿದರು. "ಅದು ಕಾಸ್ಪರೋವ್ ಕಣೋ" ಅಂದೆ. "ಅದೇ ನಾನೂ ಹೇಳ್ತಿರೋದು" ಅಂದ. ಮುಖ ನೋಡಿದೆ, ನಗುತ್ತಿದ್ದ.

ರಾತ್ರಿ ಒಂದು ಸಣ್ಣ ಮೆಸ್ಸಿನಲ್ಲಿ ಕಡಂಬಿಟ್ಟು, ಪಂದಿ ಕರಿ. ಕಾಚಂಪುಳಿ ಹಾಕಿ ಕಪ್ಪಗೆ ಮಾಡಿದ್ದರು, ನಾಲಗೆಯ ಎರಡೂ ಬದಿ ಹುಳಿ ಹಿಡಿಯುವ ಹಾಗೆ. ಹುಡುಗ ನೂಪುಟ್ಟಿಗೆ ಜೇನುತುಪ್ಪ ಕೇಳಿ ಹಾಕಿಸಿಕೊಂಡ. ನಿದ್ದೆ ಮಾತ್ರ ಸರಿಯಾಗಿ ಬರಲಿಲ್ಲ. ಡ್ರಾ ಸಾಕು, ಡ್ರಾ ಸಾಕು ಅಂತ ತಲೆಯೊಳಗೆ ಅದೇ.

ಭಾನುವಾರ

ಬೆಳಿಗ್ಗೆಯ ಆಟ ಗೆದ್ದೆ. ಎದುರಾಳಿಗೆ ಜ್ವರ ಇತ್ತು, ಪಾಪ, ಅದನ್ನು ದೊಡ್ಡ ಗೆಲುವು ಅಂತ ಬರೆಯಲು ಮನಸ್ಸಿಲ್ಲ. ಹನ್ನೆರಡೂವರೆಗೆ ಗೋಡೆಗೆ ಕೊನೆಯ ಸುತ್ತಿನ ಪಟ್ಟಿ ಅಂಟಿಸಿದರು. ನನಗೆ ಕಪ್ಪು. ಎದುರಿಗೆ ಟೋಪಿಯ ಬೆಳೆಗಾರರು. ಅವರದ್ದೂ ಮೂರೂವರೆ. ಅವರಿಗೆ ಮುಖ್ಯ ಬಹುಮಾನದ ಪಟ್ಟಿಗೆ ಬರಲು ಗೆಲುವೇ ಬೇಕು. ನನಗೆ ಡ್ರಾ ಸಾಕು. ಹುಡುಗ ಪಟ್ಟಿಯನ್ನು ಎರಡು ಸಲ ಓದಿ ನನ್ನ ಕಡೆ ನೋಡಿದ, ಬಾಯಿ ಮಾತ್ರ ಬಿಡಲಿಲ್ಲ. ಊಟಕ್ಕೆ ಅನ್ನ ಸಾರು ತಂದಿಟ್ಟರೆ ಗಂಟಲಲ್ಲಿ ಇಳಿಯಲಿಲ್ಲ. ಮಜ್ಜಿಗೆ ಕುಡಿದು ಎದ್ದೆ.

ಎರಡು ಗಂಟೆಗೆ ಶುರು. ಅವರು ಇ4, ನಾನು ಕಾರೊ-ಕಾನ್ ಅನ್ನುವ ಆರಂಭ. ಹೊರಗೆ ಮೋಡ ಕವಿದಿತ್ತು, ಹಾಲಿನಲ್ಲಿ ಟ್ಯೂಬ್‌ಲೈಟ್ ಹಾಕಿದ್ದರು. ನನ್ನ ತಲೆಯ ಮೇಲಿನದ್ದು ಝುಂಯ್ ಅನ್ನುತ್ತಿತ್ತು. ಮೊದಲ ಹತ್ತು ನಡೆ ಪುಸ್ತಕದ್ದು. ಆಮೇಲೆ ಆಟ ನನ್ನ ಕೈಗೆ ಬಂತು ನೋಡಿ, ಅಲ್ಲಿಂದ ಆ ಕೈಗೆ ಒಂದೇ ಆಸೆ, ಬದಲಾಯಿಸು. ಕುದುರೆಗೆ ಕುದುರೆ. ಒಂಟೆಗೆ ಒಂಟೆ. ಮಂತ್ರಿಗೆ ಮಂತ್ರಿ. ಕಾಯಿ ಕಡಿಮೆ ಆದಷ್ಟೂ ಡ್ರಾ ಹತ್ತಿರ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಬೆಳೆಗಾರರು ಬೇಡ ಅನ್ನಲಿಲ್ಲ. ಪ್ರತಿ ಬದಲಾವಣೆಗೂ ಒಪ್ಪಿದರು, ಪ್ರತಿ ಸಲವೂ ಅವರ ಕಾಯಿ ಒಂದು ಮನೆ ಮುಂದೆ ಬಂದು ಕೂತಿರುತ್ತಿತ್ತು. ಕೊನೆಗೆ ನೋಡಿದರೆ ಬೋರ್ಡಿನ ಮೇಲೆ ಒಂದೊಂದು ಆನೆ, ಐದೈದು ಕಾಲಾಳು. ಸಮ ಅಲ್ವಾ? ಆದರೆ ಅವರ ಆನೆ ಸಿ7ಗೆ ಬಂದು ನನ್ನ ಬಿ7 ಕಾಲಾಳನ್ನು ಹಿಡಿದಿತ್ತು. ನನ್ನ ಆನೆ ಬಿ8ನಲ್ಲಿ ಅದನ್ನು ಕಾಯುತ್ತಾ ಕೂತಿತ್ತು, ಎಲ್ಲೂ ಹೋಗುವಂತಿಲ್ಲ. ಗೇಟಿನ ಕಾವಲುಗಾರನ ಹಾಗೆ.

ನನ್ನ ಗಡಿಯಾರದಲ್ಲಿ ಆರು ನಿಮಿಷ. ಅವರಲ್ಲಿ ಹದಿನಾಲ್ಕು. ನನ್ನ ನಡೆ. ಬಾಯಿ ಒಣಗಿ ನಾಲಗೆ ಅಂಗುಳಿಗೆ ಅಂಟಿತ್ತು. ಬಾಟಲಿ ಎತ್ತಿದರೆ ಖಾಲಿ.

ಆಗ ಕಿಟಕಿಯ ಹೊರಗೆ ಒಬ್ಬ ಬಂದು ನಿಂತ. ತಲೆ ಮೇಲೆ ಗೋಣಿಚೀಲ. ಬೆಳೆಗಾರರ ಕಡೆ ನೋಡುತ್ತಾ ಐದು ಬೆರಳು ತೋರಿಸಿದ, ಆಮೇಲೆ ಮುಷ್ಟಿ ಮುಚ್ಚಿ ಸೊನ್ನೆ ಮಾಡಿದ. ಮತ್ತೆ ಐದು. ಮತ್ತೆ ಸೊನ್ನೆ. ಬೆಳೆಗಾರರು ಕಣ್ಣು ಕಿರಿದು ಮಾಡಿ ನೋಡಿದರು, ತಲೆ ಆಡಿಸಿದರು. ನನಗೆ ಅರ್ಥವಾಗುವ ಮೊದಲೇ ಆರ್ಬಿಟರ್ ಬಂದು ಎರಡೂ ಗಡಿಯಾರ ನಿಲ್ಲಿಸಿದರು.

"ಏನ್ರೀ ಅದು ಸನ್ನೆ?"

"ಸನ್ನೆ ಅಲ್ಲ ಸಾರ್" ಅಂತ ಕಿಟಕಿಯವನೇ ಹೇಳಿದ. "ಮಳೆ. ತೋಟದಿಂದ ಫೋನ್ ಬಂತು. ಐವತ್ತು ಸೆಂಟ್ಸ್."

ಅವರ ಜೀಪಿನ ಡ್ರೈವರ್. ಮೊಬೈಲ್ ಒಳಗೆ ತರುವಂತಿಲ್ಲ ಅಂತ ಅವನ ಕೈಗೆ ಕೊಟ್ಟು ಬಂದಿದ್ದರು, ಮಳೆ ಸುದ್ದಿ ಬಂದರೆ ತಿಳಿಸು ಅಂದಿದ್ದರಂತೆ. ಪಕ್ಕದ ಬೋರ್ಡಿನವರು ನಕ್ಕುಬಿಟ್ಟರು. ಆರ್ಬಿಟರ್‌ಗೆ ನಗು ಬರಲಿಲ್ಲ. ಐದು, ಸೊನ್ನೆ ಅಂದರೆ ಯಾವ ಮನೆ, ಯಾವ ಕಾಯಿ ಅಂತ ಯಾರಿಗೆ ಗೊತ್ತು? ಅವರ ಅನುಮಾನ ಅವರ ಕೆಲಸ. ಬೆಳೆಗಾರರನ್ನು ಬಾಗಿಲ ಬಳಿ ಕರೆದುಕೊಂಡು ಹೋಗಿ ಮಾತಾಡಿದರು. ನನ್ನನ್ನೂ ಕೇಳಿದರು, ನಿಮ್ಮ ದೂರು ಇದೆಯಾ ಅಂತ. ಇಲ್ಲ ಅಂದೆ. ಇಡೀ ಕೊಡಗೇ ಮಳೆ ಕಾಯುವಾಗ ಏನಂತ ದೂರು ಕೊಡುವುದು?

ಈ ಮಾತುಕತೆ ನಾಲ್ಕೈದು ನಿಮಿಷ ನಡೆಯಿತು. ಗಡಿಯಾರ ನಿಂತಿತ್ತು, ಬೋರ್ಡ್ ನನ್ನ ಮುಂದೆಯೇ ಇತ್ತು. ಗಡಿಯಾರ ನಿಂತಾಗ ಕಣ್ಣು ಮುಚ್ಚಿಕೊಂಡು ಕೂರಬೇಕು ಅಂತ ಯಾವ ನಿಯಮವೂ ಇಲ್ಲ. ನೋಡಿದೆ. ಬಿ7 ಬಿಟ್ಟರೆ ಏನು? ಆನೆ ಡಿ8ಗೆ. ಅವರು ಬಿ7 ತಿನ್ನುತ್ತಾರೆ. ನಾನು ಡಿ2ಗೆ ಇಳಿಯುತ್ತೇನೆ. ಅವರು ಎ7 ತಿನ್ನುತ್ತಾರೆ, ನಾನು ಬಿ2 ತಿನ್ನುತ್ತೇನೆ. ಅವರಿಗೆ ನಾಲ್ಕು ಕಾಲಾಳು, ನನಗೆ ಮೂರು, ಎಲ್ಲ ರಾಜನ ಕಡೆಗೇ. ಒಂದು ಕಾಲಾಳು ಕಡಿಮೆ, ಆದರೆ ಈ ಥರದ್ದು ಸರಿಯಾಗಿ ಆಡಿದರೆ ಡ್ರಾ ಅಂತ ಪುಸ್ತಕ ಹೇಳುತ್ತದೆ. ಕಾಯುತ್ತಾ ಕೂತರೂ ಬಹುಶಃ ಉಳಿಯುತ್ತಿತ್ತು. ಆದರೆ ಆರು ನಿಮಿಷದಲ್ಲಿ ಉಸಿರು ಬಿಗಿಹಿಡಿದು ಕಾಯುವುದು ನನ್ನಿಂದ ಆಗುವ ಕೆಲಸ ಅಲ್ಲ.

ಎಚ್ಚರಿಕೆ ಕೊಟ್ಟು ಆರ್ಬಿಟರ್ ಗಡಿಯಾರ ಮತ್ತೆ ಶುರು ಮಾಡಿದರು. ಬೆಳೆಗಾರರು ಕೂತು, ಟೋಪಿ ತೆಗೆದು ಟೇಬಲ್ ಮೇಲಿಟ್ಟರು. ನಾನು ಆನೆಯನ್ನು ಡಿ8ಗೆ ಇಟ್ಟೆ.

ಅವರು ನನ್ನ ಮುಖ ನೋಡಿದರು. ತಿಂದರು. ನಾನು ಇಳಿದೆ. ಇಲ್ಲಿ ಅವರು ತುಂಬ ಹೊತ್ತು ತೆಗೆದುಕೊಂಡರು. ಹದಿನಾಲ್ಕು ನಿಮಿಷ ಏಳಕ್ಕೆ ಬಂತು. ಎ7 ಮೇಲೆ ಕೈ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು. ತಿಂದರು. ನಾನು ಬಿ2 ತಿಂದೆ.

ಅಲ್ಲಿಂದ ಮುಂದೆ ಮೂವತ್ತು ನಡೆ ನೆನಪಿರುವುದು ಕೈಯಲ್ಲಿ, ತಲೆಯಲ್ಲಿ ಅಲ್ಲ. ನಡೆಗೆ 30 ಸೆಕೆಂಡ್ ಸೇರುವ ಆಟದಲ್ಲಿ ಟೈಮ್ ಎಷ್ಟೇ ಕಡಿಮೆ ಇದ್ದರೂ ನಡೆ ಬರೆಯುತ್ತಲೇ ಇರಬೇಕು. ನನ್ನ ಗಡಿಯಾರ 34 ಸೆಕೆಂಡ್, 41, 29, 36. ಬೆವರಿದ ಕೈಯಲ್ಲಿ ಪೆನ್ ಜಾರುತ್ತಿತ್ತು. ಬರೆದದ್ದು ಆಮೇಲೆ ನೋಡಿದರೆ ನನಗೇ ಓದಲು ಬರಲಿಲ್ಲ, ಒಂದು ಕಡೆ ನಡೆಯ ಬದಲು ಬರೀ ಗೆರೆ ಇದೆ. ಸುತ್ತ ಜನ ಸೇರಿದ್ದರು. ಬೇರೆ ಆಟಗಳು ಮುಗಿದಿದ್ದವು. ಪುತ್ತೂರಿನ ಹುಡುಗಿ ಅವರ ಹಿಂದೆ ನಿಂತು ಜಡೆ ಕಚ್ಚುತ್ತಿದ್ದಳು. ಅಕ್ಕನ ಮಗ ನನ್ನ ಕಣ್ಣಿಗೆ ಬೀಳದ ಹಾಗೆ ಕಂಬದ ಹಿಂದೆ ಹೋಗಿ ನಿಂತಿದ್ದನಂತೆ. ಅವನ ಮುಖ ನೋಡಿದರೆ ನನಗೆ ಗೊತ್ತಾಗಿಬಿಡುತ್ತೆ ಅಂತ.

ಕಾಲಾಳುಗಳು ಒಂದೊಂದಾಗಿ ಹೋದವು. ಕೊನೆಗೆ ಅವರ ಹತ್ತಿರ ಆನೆ, ಇ5ನಲ್ಲಿ ಒಂದು ಕಾಲಾಳು, ಪಕ್ಕದಲ್ಲಿ ಡಿ5ನಲ್ಲಿ ರಾಜ. ನನ್ನ ಹತ್ತಿರ ಆನೆ ಮಾತ್ರ, ರಾಜ ಇ8ನಲ್ಲಿ. ಇದನ್ನು ಫಿಲಿಡೋರ್ ಅನ್ನುತ್ತಾರೆ. ಆ ಹೆಸರಿನವರು 18ನೇ ಶತಮಾನದ ಫ್ರೆಂಚ್ ಸಂಗೀತಗಾರರು, ಆಪೆರಾ ಬರೆಯುತ್ತಿದ್ದವರು, ಚೆಸ್ಸಿನಲ್ಲಿ ಅವರ ಕಾಲದ ದೊಡ್ಡ ಹೆಸರು. ಉಪಾಯ ಇಷ್ಟೇ. ನನ್ನ ಆನೆ ನನ್ನ ಕಡೆಯಿಂದ ಮೂರನೇ ಸಾಲಿನಲ್ಲಿ, ಬಿ6ನಲ್ಲಿ ಅಡ್ಡ ನಿಲ್ಲಬೇಕು. ಅವರ ರಾಜ ಆ ಸಾಲಿಗೆ ಬರುವಂತಿಲ್ಲ. ಅವರು ಕಾಲಾಳನ್ನು ಇ6ಗೆ ತಳ್ಳಿದ ಕೂಡಲೇ ಆನೆ ಬಿ1ಗೆ ಓಡಬೇಕು, ಹಿಂದಿನಿಂದ ಚೆಕ್ ಕೊಡುತ್ತಾ ಹೋಗಬೇಕು. ಕಾಲಾಳು ಮುಂದೆ ಹೋಗಿಬಿಟ್ಟಿರುವುದರಿಂದ ರಾಜನಿಗೆ ಅದರ ಮರೆ ಸಿಗುವುದಿಲ್ಲ. ಮನೆಯಲ್ಲಿ ಕೂತು ಇದನ್ನು ಎಷ್ಟು ಸಲ ಮಾಡಿದ್ದೇನೋ. ಆದರೆ 31 ಸೆಕೆಂಡ್ ಇದ್ದಾಗ, ಹತ್ತು ಜನ ಮೈಮೇಲೆ ಬಾಗಿ ನಿಂತಾಗ, ಬಿ1ಗೆ ಓಡುವುದು ಈಗಲೋ ಇನ್ನೊಂದು ನಡೆ ಆದ ಮೇಲೋ ಅನ್ನುವುದೇ ಸಂಶಯವಾಗುತ್ತದೆ.

ಅವರು ತಳ್ಳಲಿಲ್ಲ. ಆನೆಯನ್ನು ಎಚ್7, ಎ7, ಮತ್ತೆ ಎಚ್7 ಅಂತ ಓಡಾಡಿಸಿದರು. ನಾನು ಬಿ6ರಿಂದ ಜಿ6, ಮತ್ತೆ ಬಿ6. ಅವರು ನನ್ನನ್ನು ಪರೀಕ್ಷೆ ಮಾಡುತ್ತಿದ್ದರು. ಆ ಹೊತ್ತಿನಲ್ಲಿ ಒಂದು ವಿಚಿತ್ರ ಆಯಿತು. ಬಹುಮಾನ, ಮೂರನೇ ಸ್ಥಾನ, ಹುಡುಗನ ಲೆಕ್ಕ, ಯಾವುದೂ ತಲೆಯಲ್ಲಿ ಇರಲಿಲ್ಲ. ಇ6 ಬಂದರೆ ಬಿ1. ಇ6 ಬಂದರೆ ಬಿ1. ಅಷ್ಟೇ.

ಇ6 ಬಂತು. ಬಿ1. ರಾಜ ಡಿ6, ನಾನು ಡಿ1 ಚೆಕ್. ಇ5, ನಾನು ಇ1 ಚೆಕ್. ಎಫ್6, ನಾನು ಎಫ್1 ಚೆಕ್. ಅವರು ಇನ್ನೊಂದು ನಡೆ ಆಡಿ, ಗಡಿಯಾರ ಒತ್ತುವ ಮೊದಲು ತಲೆ ಎತ್ತಿದರು.

"ಡ್ರಾ?"

ನಾನು ಕೈ ಚಾಚಿದೆ. ಮಾತು ಬರಲಿಲ್ಲ. ಅವರ ಅಂಗೈ ಒರಟಾಗಿತ್ತು, ನನ್ನದು ಒದ್ದೆ.

ಹುಡುಗನ ಲೆಕ್ಕ ಸರಿಯಾಗಿತ್ತು. ಮೂರನೇ ಬಹುಮಾನ, ಒಂದು ಸಣ್ಣ ಕಪ್, ಲಕೋಟೆಯಲ್ಲಿ ದುಡ್ಡು. ಆ ದುಡ್ಡು ಲಾಡ್ಜಿಗೂ ಸಾಲದು, ಅದು ಬೇರೆ ವಿಷಯ. ಬೆಳೆಗಾರರಿಗೆ ಏನೂ ಸಿಗಲಿಲ್ಲ. ಹೊರಗೆ ಜೀಪಿನ ಬಳಿ ಡ್ರೈವರ್ ಆರ್ಬಿಟರ್‌ಗೆ ಕೈಮುಗಿಯುತ್ತಿದ್ದ. ಬೆಳೆಗಾರರು ನನ್ನನ್ನು ಕರೆದು "ನಾಳೆ ಹೋಗುವ ದಾರಿಯಲ್ಲಿ ತೋಟಕ್ಕೆ ಬನ್ನಿ, ಒಂದು ಬಾಕಿ ಇದೆ" ಅಂದರು.

ಸೋಮವಾರ

ಸುಂಟಿಕೊಪ್ಪದಲ್ಲಿ ಇಳಿದೆವು, ಜೀಪ್ ಬಂದಿತ್ತು. ತೋಟದ ದಾರಿಯಲ್ಲಿ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಕರಿಮೆಣಸು, ಕೆಳಗೆ ಕಾಫಿ. ಎಲೆಯ ಮೇಲಿನ ಧೂಳು ತೊಳೆದುಹೋಗಿ ಹಸಿರು ಹೊಳೆಯುತ್ತಿತ್ತು. ಮನೆಯ ಮುಂದೆ ಮಳೆ ಅಳೆಯುವ ಮಾಪಕ. ಹುಡುಗನಿಗೆ ಅದರ ಗಾಜಿನ ಅಳತೆ ಕೊಳವೆ ತೋರಿಸಿ, ಓದುವುದು ಹೇಗೆ ಅಂತ ಹೇಳಿಕೊಟ್ಟರು. ಐವತ್ತರ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಜಗಲಿಯಲ್ಲಿ ಬೋರ್ಡ್ ಹಾಸಿ ಕಾದಿದ್ದರು. ಅಕ್ಕಿ ಒಟ್ಟಿ, ಎಣ್ಣೆಗಾಯಿ, ಬೆಲ್ಲದ ಕಾಫಿ ಎಲ್ಲ ಬೋರ್ಡಿನ ಸುತ್ತಲೇ ಬಂತು. ಕಾಯಿ ಜೋಡಿಸಿ ಅದೇ ಜಾಗಕ್ಕೆ ತಂದರು. ನನ್ನ ಆನೆ ಡಿ2, ಅವರದ್ದು ಬಿ7.

"ಇಲ್ಲಿ ನಾನು ಎ7 ತಿಂದೆ. ತಿನ್ನದೆ ಹೀಗೆ ಮಾಡಿದ್ದರೆ?" ಬಿ2 ಕಾಲಾಳನ್ನು ಬಿ4ಗೆ ತಳ್ಳಿದರು.

ನೋಡಿದೆ. ಹುಡುಗನೂ ನೋಡಿದ. ತಿನ್ನಲು ನನಗೆ ಏನೂ ಇಲ್ಲ. ಎ7 ಎಲ್ಲೂ ಓಡಿಹೋಗುವುದಿಲ್ಲ, ಅವರು ಆಮೇಲೆ ತಿಂದುಕೊಳ್ಳಬಹುದು. ಬಿ ಕಾಲಾಳು ನಡೆಯುತ್ತಾ ಹೋಗುತ್ತದೆ.

"ನಾನು ಮುಗಿದೆ" ಅಂದೆ.

"ಹೌದು. ರಾತ್ರಿ ಮಲಗುವಾಗ ಕಂಡಿತು ಮಾರಾಯ್ರೆ. ಆಗ ತಲೆಯಲ್ಲಿ ಐವತ್ತು ಸೆಂಟ್ಸೇ ಇದ್ದದ್ದು."

ಆಮೇಲೆ ಹುಡುಗನ ಜೊತೆ ಐದೈದು ನಿಮಿಷದ ಆಟ ಶುರು ಮಾಡಿದರು. ನಡುವೆ ಡ್ರೈವರ್ ಬಂದು ನಿಂತ, ಪಂಪ್ ಹಾಕುವುದಾ ಅಂತ ಕೇಳಿದ. ಇನ್ನೊಂದು ಮಳೆ ಬರಬಹುದು ಅಂತ ಕಾದರೆ ಡೀಸೆಲ್ ಉಳಿಯುತ್ತದೆ. ಬರದಿದ್ದರೆ ಅರ್ಧ ಹೂ ಕೆಡುತ್ತದೆ. ಬೆಳೆಗಾರರು ಆಕಾಶ ನೋಡಲಿಲ್ಲ, ಬೋರ್ಡ್ ನೋಡುತ್ತಲೇ ಹೇಳಿದರು.

"ಹಾಕು. ಕೆರೆ ಕಡೆಯಿಂದ ಶುರು ಮಾಡು. ಬಾಕಿ ಐವತ್ತು ನಾವೇ ಕೊಡುವ."

ಹುಡುಗ ಆ ಆಟ ಗೆದ್ದ. ಹನ್ನೊಂದರ ಬಸ್ ತಪ್ಪಿತು, ಡ್ರೈವರ್ ಪಂಪ್ ಕಡೆ ಹೋಗಿದ್ದರಿಂದ ಜೀಪೂ ಇಲ್ಲ. ಚೀಲ, ಕಪ್ ಹಿಡಿದುಕೊಂಡು ದೊಡ್ಡ ರಸ್ತೆಯವರೆಗೆ ನಡೆದೆವು. ಕುಶಾಲನಗರದ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನಿಂತುಕೊಂಡೇ ಅವನು ಬಿ4 ಆದ ಮೇಲೆ ನಾನು ಏನು ಆಡಿದ್ದರೆ ಉಳಿಯಬಹುದಿತ್ತು ಅಂತ ಕೇಳುತ್ತಿದ್ದ, ನಾನು ಮುಂದಿನ ವಾರ ಅವನ ಗಣಿತದ ಪರೀಕ್ಷೆ ಯಾವತ್ತು ಅಂತ ಕೇಳುತ್ತಿದ್ದೆ.